ಹೈಬ್ರಿಡ್ ಕಾರೂ ಎಂಟು ಹಲಸಿನಕಾಯಿಯೂ

ದೊಡ್ಡ ಕಾರು ಎಂದರೆ ಡೀಸೆಲ್ ಕುಡುಕ ಎಂಬ ಅಪವಾದವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಿಂದ ಗಡೀಪಾರು ಮಾಡಿಯೇ ತೀರುತ್ತೇನೆಂದು ಕಳೆದ ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ನಾನು ಪೆಟ್ರೋಲ್ ಬಂಕಿನಲ್ಲಿ ನಿಂತು ಶಪಥ ಮಾಡಿದೆ! ಬಂಕಿನವನು "ಎಷ್ಟು ಹಾಕ್ಲಿ ಸಾರ್?" ಎಂದು ಕೇಳಿದ. "ಫುಲ್!" ಎಂದೆ. ಅಷ್ಟು ಗಾಂಭೀರ್ಯದಿಂದ ಆ ಶಬ್ದವನ್ನು ಅಲ್ಲಿ ಅದಕ್ಕೂ ಮುಂಚೆ ಯಾರೂ ಉಚ್ಚರಿಸಿರಲಾರರು. ಅವನು ಮಾತ್ರ ಆಕಳಿಸಿ ಪೈಪು ಎತ್ತಿಕೊಂಡ.

ನಾನು ಕೊಪ್ಪದಲ್ಲಿ ಹಲ್ಲಿನ ಡಾಕ್ಟರು. ಕಾರು, ಕಾಫಿ ಎಸ್ಟೇಟಿನವರೊಬ್ಬರು ಎರಡು ವರ್ಷ ಓಡಿಸಿ ಬೇಸರ ಬಂದು ಕೊಟ್ಟದ್ದು. ವಿದೇಶದ್ದು, ಏಳು ಸೀಟಿನದ್ದು, ಪಕ್ಕದಲ್ಲಿ ನಿಂತರೆ ನನ್ನ ತಲೆ ಅದರ ಮಾಡಿನವರೆಗೂ ಬರುವುದಿಲ್ಲ. ಡೀಸೆಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಇಳಿಜಾರಿನಲ್ಲಿ ಬ್ಯಾಟರಿ ತಾನಾಗಿ ಚಾರ್ಜ್ ಆಗುತ್ತದೆ. ನಿಧಾನಕ್ಕೆ ಹೋಗುವಾಗ ಎಂಜಿನ್ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಸಮತಟ್ಟು ನೆಲವನ್ನು ಹುಡುಕಿಕೊಂಡು ಹೋಗಬೇಕಾದ ನಮ್ಮ ಸೀಮೆಗೆ ಹೇಳಿ ಮಾಡಿಸಿದ ವಾಹನ!

ಆದರೆ ನಮ್ಮ ಜನಕ್ಕೆ ಇದರ ಬೆಲೆ ಗೊತ್ತೇ? ಚರ್ಮದ ಸೀಟನ್ನು ಯಾರೂ ಮುಟ್ಟಿ ನೋಡಲಿಲ್ಲ. ಗಾಜಿನ ಮಾಡನ್ನು ಯಾರೂ ತಲೆಯೆತ್ತಿ ನೋಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಸೊಸೈಟಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಎಷ್ಟು ಕೊಡ್ತದೆ?" ಕೊಡಲಿಕ್ಕೆ ಇದೇನು ಎಮ್ಮೆಯೇ? "ಲೀಟರಿಗೆ ಇಪ್ಪತ್ತು" ಎಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನ ಮಾತನ್ನು ಎದುರಾಡದೆ ಕೇಳುತ್ತಿದ್ದವರೆಂದರೆ ಕ್ಲಿನಿಕ್ಕಿನ ರೋಗಿಗಳು ಮಾತ್ರ. ಬಾಯಲ್ಲಿ ನನ್ನ ಎರಡು ಬೆರಳು, ಒಂದು ಕನ್ನಡಿ, ಒಂದು ನೀರೆಳೆಯುವ ಪೈಪು ಇಟ್ಟುಕೊಂಡು ಮೈಲೇಜಿನ ಬಗ್ಗೆ ವಾದ ಮಾಡುವುದು ಯಾರಿಂದಲೂ ಆಗುವುದಿಲ್ಲ.

ಮನೆಯಲ್ಲಿ ಆ ಅನುಕೂಲವಿಲ್ಲ. ನನ್ನ ಹೆಂಡತಿ ಮೂಕಾಂಬಿಕಾ. ಹೆಸರಿನ ಮೊದಲೆರಡು ಅಕ್ಷರ ನಂಬಿ ಮದುವೆಯಾದವನು ನಾನು! ಕಾರು ಅಂಗಳದಲ್ಲಿ ತಿರುಗಲಿ ಎಂದು ಅವಳ ಮಲ್ಲಿಗೆ ಚಪ್ಪರವನ್ನು ನಾನು ಕಡಿಸಿದ್ದೆ. ಅಂದಿನಿಂದ ಅವಳು ಕಾರನ್ನು "ಆ ಪ್ರಾಣಿ" ಎಂದೇ ಕರೆಯುವುದು.

"ಇಪ್ಪತ್ತು ಕೊಡ್ತದೆ ಅಂತ ನೀವು ಹೇಳೋದೇ ಆಯ್ತು. ಒಂದು ವಾರ ಓಡಿಸಿ ತೋರಿಸಿ. ಕೊಟ್ರೆ ಆ ಪ್ರಾಣಿ ಇರ್ಲಿ. ಕೊಡ್ಲಿಲ್ಲ ಅಂದ್ರೆ ಮಾರಿ, ನನ್ನ ಚಪ್ಪರ ಎಬ್ಬಿಸಿ ಕೊಡಿ," ಎಂದಳು.

ನಾನು ಹಿಂಜರಿಯುವ ಕುಳವೇ? ಔಷಧಿ ಬರೆಯುವ ಚೀಟಿಯಲ್ಲೇ ಕರಾರು ಬರೆದು ಸಹಿ ಹಾಕಿದೆ. ಸೋಮವಾರದಿಂದ ಭಾನುವಾರ ಸಂಜೆ ನಾಲ್ಕರವರೆಗೆ. ಕಾರಿನ ಪರದೆಯ ಮೇಲೆ ಕಾಣುವ ಸರಾಸರಿಯೇ ಅಂತಿಮ, ಯಾವ ನೆಪಕ್ಕೂ ಅವಕಾಶವಿಲ್ಲ. ತೀರ್ಪುಗಾರ ಬೇಗಾರಿನ ಯಜ್ಞೇಶ. ಅವನು ನನ್ನ ಹೆಂಡತಿಯ ತಮ್ಮ. ಅವನ ಜೀಪು ಎಷ್ಟು ಕೊಡುತ್ತದೆಂದು ಅವನಿಗೇ ಗೊತ್ತಿಲ್ಲ, ಆದ್ದರಿಂದ ಅವನು ನಿಷ್ಪಕ್ಷಪಾತಿ ಎಂದು ನಾನು ಭಾವಿಸಿದೆ.

ಆ ವಾರ ನಾನು ಮಾಡಿದ ತಪಸ್ಸನ್ನು ಯಾವ ಋಷಿಯೂ ಮಾಡಿರಲಾರ. ಏಪ್ರಿಲ್ ಸೆಕೆಯಲ್ಲಿ ಎ.ಸಿ. ಬಂದ್. ಗಾಳಿಯ ತಡೆ ಹೆಚ್ಚುತ್ತದೆಂದು ಕಿಟಕಿಯೂ ಬಂದ್. ನರಸಿಂಹರಾಜಪುರಕ್ಕೆ ನಲವತ್ತರ ವೇಗದಲ್ಲಿ ಹೋದೆ. ಹಿಂದೆ ಒಂದು ಬಸ್ಸು, ಎರಡು ಲಾರಿ, ಒಂದು ಮದುವೆ ದಿಬ್ಬಣ ಸಾಲುಗಟ್ಟಿದವು. ಕೊನೆಗೆ ದಿಬ್ಬಣದ ವ್ಯಾನು ನನ್ನನ್ನು ದಾಟುವಾಗ ಸ್ವತಃ ಮದುಮಗನೇ ಕಿಟಕಿಯಿಂದ ತಲೆ ಹೊರಗೆ ಹಾಕಿ ನನಗೆ ಬೈದ. ಪೇಟ ಕಟ್ಟಿಕೊಂಡು ಬೈಯುವುದೇ? ಕಾಲ ಕೆಟ್ಟಿತು!

ಬುಧವಾರ ಮೂಕಾಂಬಿಕಾಳ ತೌರುಮನೆಗೆ, ಬೇಗಾರಿಗೆ ಹೋಗಿದ್ದೆವು. ಹೋಗುವ ದಾರಿಯಲ್ಲಿ ಒಂದು ಏರು ಬಂತು. ಪರದೆಯ ಮೇಲೆ ಸರಾಸರಿ 20.1ರಿಂದ 19.9ಕ್ಕೆ ಇಳಿಯಿತು. ನಾನು ಬ್ರೇಕ್ ಒತ್ತಿದೆ.

"ಮೂಕಾಂಬಿಕಾ, ಈ ಏರು ಮುಗಿಯೋವರೆಗೆ ನೀನು ಇಳಿದು ನಡೀತೀಯಾ? ಮೇಲೆ ಹೋಗಿ ಕಾಯ್ತೇನೆ."

"ಮದುವೆ ದಿನ ನಿಮ್ಮ ಹಿಂದೆ ಏಳು ಹೆಜ್ಜೆ ನಡೆದೆನಲ್ಲ, ಅದೇ ಸಾಕು ನನಗೆ."

ವಾಪಸ್ ಹೊರಡುವಾಗ ಅತ್ತೆ ಎಂಟು ಹಲಸಿನಕಾಯಿ ಕೊಯ್ಯಿಸಿ ಕಾರಿನ ಹಿಂದೆ ಸಾಲಾಗಿ ಇಡಿಸಿದ್ದರು. ಹಪ್ಪಳಕ್ಕೆಂದೇ ಬಲಿತ ಕಾಯಿ. ನಾನು ಮನಸ್ಸಿನಲ್ಲೇ ತೂಕ ಹಾಕಿದೆ. ಒಂದೊಂದು ಹತ್ತು ಕಿಲೋ ಹಿಡಿದರೂ ಎಂಬತ್ತು ಕಿಲೋ! ಒಬ್ಬ ಆಳು ಮೈಮರೆತು ಹಿಂದೆ ಮಲಗಿದಷ್ಟು!

"ಇದು ಆಗೋದಿಲ್ಲ. ಸರಾಸರಿ ಬಿದ್ದು ಹೋಗ್ತದೆ," ಎಂದೆ.

ತೌರುಮನೆಯ ಅಂಗಳದಲ್ಲಿ, ತೌರಿನವರೆಲ್ಲರ ಎದುರಿಗೆ, ತೌರಿನ ಹಲಸಿನಕಾಯಿಯನ್ನು ಕೆಳಗಿಳಿಸಿದ ಅಳಿಯ ನಾನು. ಅತ್ತೆ ಒಳಗೆ ಹೋದರು. ಮೂಕಾಂಬಿಕಾ ಶೃಂಗೇರಿ ದಾಟಿ ಕೊಪ್ಪ ಬರುವವರೆಗೂ ಏನೂ ಹೇಳಲಿಲ್ಲ. ಅವಳು ಹೆಸರಿಗೆ ತಕ್ಕ ಹಾಗೆ ನಡೆದುಕೊಂಡದ್ದು ಅದೊಂದೇ ದಿನ, ಅದು ಒಳ್ಳೆಯ ಲಕ್ಷಣ ಅಲ್ಲವೆಂದು ನನಗೆ ಹೊಳೆಯಬೇಕಿತ್ತು. ನನಗೆ ಹೊಳೆಯುತ್ತಿದ್ದದ್ದು ಪರದೆಯ ಮೇಲಿನ 20.6 ಮಾತ್ರ. ಕಾಯಿಗಳನ್ನು ಶನಿವಾರ ಯಜ್ಞೇಶ ಜೀಪಿನಲ್ಲಿ ತಂದು ಇಳಿಸಿ ಹೋದ.

ಭಾನುವಾರ ಬೆಳಿಗ್ಗೆಯೂ ಪರದೆ 20.6 ತೋರಿಸುತ್ತಿತ್ತು. ನಾನು ಗೆದ್ದಾಗಿತ್ತು! ಇನ್ನು ಸಂಜೆಯವರೆಗೆ ಕಾರನ್ನು ಮುಟ್ಟದಿದ್ದರೆ ಆಯಿತು. ಅಷ್ಟರಲ್ಲಿ ಸೀತೂರಿನ ಸುಬ್ಬಯ್ಯನವರು ಫೋನು ಮಾಡಿದರು. ದವಡೆ ಹಲ್ಲು ನೋವು, ತಡೆಯಲಿಕ್ಕೆ ಆಗುತ್ತಿಲ್ಲವಂತೆ. ಭಾನುವಾರ ಕ್ಲಿನಿಕ್ ಇಲ್ಲ, ಆದರೆ ಗೆದ್ದ ಮನುಷ್ಯನ ಹೃದಯ ವಿಶಾಲವಾಗಿರುತ್ತದೆ. "ಬನ್ನಿ" ಎಂದೆ. ಸರಾಸರಿ ಕದಲಬಾರದೆಂದು ಕಾರನ್ನು ಅಂಗಳದಲ್ಲೇ ಬಿಟ್ಟು, ಬೀಗದ ಕೈಯನ್ನು ಮೊಳೆಗೆ ನೇತುಹಾಕಿ, ಎರಡು ಕಿಲೋಮೀಟರ್ ನಡೆದುಕೊಂಡೇ ಹೋದೆ.

ಸುಬ್ಬಯ್ಯನವರ ಹಲ್ಲಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನನ್ನ 20.6ರ ಚರಿತ್ರೆಯನ್ನು ಸೋಮವಾರದಿಂದ ಹೇಳಲು ತೊಡಗಿದ್ದೆ. ಆಗ ಮೂಕಾಂಬಿಕಾಳ ಫೋನು ಬಂತು.

"ಮನೇಲಿ ಕರೆಂಟ್ ಹೋಯ್ತು. ನಮ್ಮ ಕಡೆ ಟ್ರಾನ್ಸ್‌ಫಾರ್ಮರೇ ಕೆಟ್ಟಿದೆಯಂತೆ. ನಿಮ್ಮ ಕಾರಲ್ಲಿ ಪ್ಲಗ್ ಪಾಯಿಂಟ್ ಉಂಟು, ಮಿಕ್ಸಿ ಓಡ್ತದೆ ಅಂದಿದ್ರಲ್ಲ, ಅದು ಹೌದಾ, ಸುಮ್ನೆ ಹೇಳಿದ್ದಾ?"

ನೋಡಿ, ಇಲ್ಲೇ ನಾನು ಕೆಟ್ಟದ್ದು. ಸುಮ್ಮನೆ ಹೇಳಿದ್ದಾ ಎಂದು ಕೇಳಿದಳಲ್ಲ! ಅದೂ ರೋಗಿಯ ಎದುರಿಗೆ!

"ಮಿಕ್ಸಿ ಎಂತ? ಗ್ರೈಂಡರೂ ಓಡ್ತದೆ! ಸ್ಟಾರ್ಟ್ ಬಟನ್ ಒತ್ತು, ಹಿಂದಿನ ಬಾಗಿಲು ತೆಗಿ, ವೈರು ಚುಚ್ಚು. ಎಷ್ಟು ಹೊತ್ತು ಬೇಕಾದ್ರೂ ಓಡಿಸು!"

"ಎಷ್ಟು ಹೊತ್ತು ಬೇಕಾದ್ರೂ?"

"ಹೇಳಿದ್ನಲ್ಲ! ಇದು ಹೈಬ್ರಿಡ್!"

ತೆಂಗಿನಕಾಯಿ ಚಟ್ನಿ ಇರಬೇಕೆಂದುಕೊಂಡೆ. ಐದು ನಿಮಿಷದ ವಿಷಯ, ಬ್ಯಾಟರಿಯಲ್ಲೇ ಮುಗಿಯುತ್ತದೆ. ಫೋನಿಟ್ಟು ಸುಬ್ಬಯ್ಯನವರತ್ತ ವಿಜಯದ ನಗೆ ಬೀರಿದೆ. ಅವರು ಹತ್ತಿ ಕಚ್ಚಿಕೊಂಡೇ ಕೇಳಿದರು. "ಡಾಕ್ಟ್ರೇ, ನಮ್ಮ ಗದ್ದೆ ಪಂಪ್‌ಸೆಟ್ ಓಡ್ತದಾ ಅದ್ರಲ್ಲಿ?"

"ಸುಬ್ಬಯ್ಯನವ್ರೇ, ಅದು ಲಕ್ಷುರಿ ಕಾರು!" ಎಂದು ಗದರಿಸಿ ಹಲ್ಲು ಕಿತ್ತೆ. ಬೇರು ಮೂರು ಕಡೆ ತಿರುಚಿಕೊಂಡ ಹಲ್ಲು. ಅದು ಬರುವಾಗ ಮಧ್ಯಾಹ್ನವಾಯಿತು. ಭಾನುವಾರ ಕ್ಲಿನಿಕ್ ತೆರೆದದ್ದನ್ನು ಕಂಡು ಇನ್ನಿಬ್ಬರು ಒಳಗೆ ಬಂದು ಕೂತರು. ಅವರಿಗೂ ಸೋಮವಾರದಿಂದಲೇ ಚರಿತ್ರೆ ಹೇಳಿದೆ. ಮೂರೂವರೆಗೆ ಮನೆಯ ಕಡೆ ಹೊರಟೆ.

ಗೇಟಿನ ಹತ್ತಿರ ಬರುವಾಗಲೇ ಎಂಜಿನ್ ಸದ್ದು ಕೇಳಿಸಿತು. ನಮ್ಮ ಕಾರಿಗೆ ಸದ್ದೇ ಇಲ್ಲವಲ್ಲ, ಯಾರದ್ದೋ ಲಾರಿ ಇರಬೇಕೆಂದು ಒಳಗೆ ಕಾಲಿಟ್ಟೆ.

ನನ್ನದೇ ಕಾರು! ಹಿಂದಿನ ಬಾಗಿಲು ಆಕಾಶಕ್ಕೆ ತೆರೆದಿದೆ. ಸಾಮಾನಿಡುವ ಜಾಗದಲ್ಲಿ ನಮ್ಮ ಗ್ರೈಂಡರು ಗರಗರ ತಿರುಗುತ್ತಿದೆ. ಅದರ ಬದಿಗೆ ಪಕ್ಕದ ಮನೆಯ ಯಮುನಮ್ಮನವರ ಗ್ರೈಂಡರೂ ತಿರುಗುತ್ತಿದೆ. ಬೆಂದ ಹಲಸಿನ ತೊಳೆಯ ಹಬೆ ಗಾಜಿನ ಮಾಡಿಗೆ ಮುತ್ತಿಕೊಂಡಿದೆ. ಚರ್ಮದ ಸೀಟಿನ ಮೇಲೆ, ಹೌದು, ಒಬ್ಬನೂ ಮುಟ್ಟಿ ನೋಡಿರದ ಆ ಚರ್ಮದ ಸೀಟಿನ ಮೇಲೆ, ಖಾರದ ಹಿಟ್ಟಿನ ಉಂಡೆಗಳು ಬಾಳೆಲೆ ಹಾಸಿಕೊಂಡು ಕೂತಿವೆ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿದ್ದಾರೆ.

"ನಿಲ್ಸಿ!" ಎಂದು ಕಿರುಚಿದೆ. "ಇದೆಂತ ಅನ್ಯಾಯ! ಎಷ್ಟು ಹೊತ್ತಿಂದ ಓಡ್ತಾ ಉಂಟು?"

"ಒಂಬತ್ತೂವರೆಯಿಂದ," ಎಂದಳು ಮೂಕಾಂಬಿಕಾ, ಕೈಗಂಟಿದ ಹಿಟ್ಟು ತೆಗೆಯುತ್ತಾ. "ಎಂಟು ಕಾಯಿ ಬಿಡ್ಸಿ ಒಂದೊಂದಾಗಿ ಬೇಯ್ಲಿಕ್ಕೆ ಇಟ್ಟಾಗಿತ್ತು. ತೊಳೆ ಬಿಸಿ ಇರುವಾಗ್ಲೇ ರುಬ್ಬದಿದ್ರೆ ಹಪ್ಪಳ ಆಗ್ತದಾ? ತಣಿದ್ರೆ ದನಕ್ಕೆ ಹಾಕ್ಬೇಕು. ನಿಮ್ಮನ್ನ ಕೇಳಿಯೇ ಹಚ್ಚಿದ್ದು. ಎಷ್ಟು ಹೊತ್ತು ಬೇಕಾದ್ರೂ ಅಂದ್ರಿ."

ಯಮುನಮ್ಮನವರು ತಲೆಯಾಡಿಸಿದರು. "ಹೌದು ಡಾಕ್ಟ್ರೇ, ಸ್ಪೀಕರ್ ಹಾಕಿದ್ರು, ನಾವೂ ಕೇಳಿದ್ವು. ಬ್ಯಾಟ್ರಿ ಇಳಿದ ಹಾಗೆ ತನ್ನಷ್ಟಕ್ಕೇ ಸ್ಟಾರ್ಟ್ ಆಗ್ತದೆ ಮಾರಾಯ್ರೆ! ಎಂತ ಒಳ್ಳೆ ಕಾರು!"

ಆರು ತಾಸು! ನಿಂತಲ್ಲೇ ನಿಂತು! ನಾನು ಉಂಡೆಗಳನ್ನು ದಾಟಿಕೊಂಡು ಒಳಗೆ ನುಗ್ಗಿ ಪರದೆ ನೋಡಿದೆ. 13.1. ಮದುಮಗನ ಕೈಯಲ್ಲಿ ಬೈಸಿಕೊಂಡದ್ದು, ಕಿಟಕಿ ಮುಚ್ಚಿ ಬೆವರಿದ್ದು, ಅತ್ತೆಯ ಎದುರಿಗೆ ಮಾನ ಕಳೆದುಕೊಂಡದ್ದು, ಎಲ್ಲ ಹಿಟ್ಟಾಗಿ ಹೋಯಿತು. ನನಗೆ ನಿಜಕ್ಕೂ ಅಳು ಬಂತು. ಇಳಿಸಿ ಬಂದ ಎಂಟು ಹಲಸಿನಕಾಯಿ ಕೊನೆಗೂ ನನ್ನ ಕಾರನ್ನು ಹತ್ತಿಯೇ ಬಿಟ್ಟಿದ್ದವು.

ಸರಿಯಾಗಿ ನಾಲ್ಕಕ್ಕೆ ಯಜ್ಞೇಶನ ಜೀಪು ಬಂತು. ಅವನು ಪರದೆ ನೋಡಿದ. ಚೀಟಿ ಓದಿದ. ಒಂದು ಹಸಿ ಹಿಟ್ಟಿನ ಉಂಡೆಯನ್ನು ಬಾಯಿಗೆ ಹಾಕಿಕೊಂಡ.

"ಭಾವ, ಹದಿಮೂರು."

"ಅದು ಓಡಿದ ಲೆಕ್ಕ ಅಲ್ಲ ಮಾರಾಯ! ಬೆಳಿಗ್ಗೆ ಇಪ್ಪತ್ತು ಪಾಯಿಂಟ್ ಆರು ಇತ್ತು! ದೇವರಾಣೆ!"

"ಯಾವ ನೆಪಕ್ಕೂ ಅವಕಾಶವಿಲ್ಲ ಅಂತ ನೀವೇ ಬರ್ದಿದ್ದೀರಿ ಭಾವ. ಸಹಿಯೂ ಉಂಟು. ನಾನೆಂತ ಮಾಡ್ಲಿ? ಕರಾರು ಕರಾರೇ. ಮಾರೋದೇ."

ನಾನು ತಲೆ ಮೇಲೆ ಕೈ ಹೊತ್ತು ಜಗಲಿಯಲ್ಲಿ ಕೂತೆ. ಆಗ ಅಂಗಳದಲ್ಲಿ ಎದ್ದ ಕೂಗನ್ನು ನಾನು ಜನ್ಮದಲ್ಲಿ ಮರೆಯಲಾರೆ.

"ಮಾರೋದಾ? ಯಾರು ಹೇಳಿದ್ದು ಮಾರೋದು ಅಂತ?" ಮೂಕಾಂಬಿಕಾ ತಮ್ಮನ ಮೇಲೇ ಹರಿಹಾಯ್ದಳು. "ಒಂದು ಸಲವೂ ನಿಲ್ಲದೆ ಎಂಟು ಕಾಯಿ ರುಬ್ಬಿ ಕೊಟ್ಟಿದೆ. ಇಂಥ ಸಾಮಾನನ್ನ ಯಾರಾದ್ರೂ ಮಾರ್ತಾರಾ? ಇರ್ಲಿ ಅದು. ಚಪ್ಪರ ಹಿತ್ತಲಲ್ಲಿ ಎಬ್ಬಿಸಿದ್ರಾಯ್ತು."

ಹೆಂಗಸರೆಲ್ಲ ಹೌದು ಹೌದೆಂದರು. ನಾನು ಎದ್ದು ನಿಂತೆ! ಸೋತೂ ಗೆದ್ದಿದ್ದೆ! ನನ್ನ ಕಾರು ಉಳಿಯಿತು! ಊರಿನ ಗಂಡಸರಿಗೆ ಅರ್ಥವಾಗದ್ದು ಕೊನೆಗೂ ನನ್ನ ಧರ್ಮಪತ್ನಿಗೆ ಅರ್ಥವಾಯಿತಲ್ಲ! ಸಂತೋಷದಿಂದ ಒಂದು ಬಟ್ಟೆ ತಂದು ಸೀಟಿಗೆ ಅಂಟಿದ ಹಿಟ್ಟನ್ನು ನಾನೇ ಒರೆಸಲು ಶುರುಮಾಡಿದೆ.

"ಒರೆಸ್ಬೇಡಿ. ನಾಳೆ ಮತ್ತೆ ಆಗ್ತದೆ," ಎಂದಳು. "ಟ್ರಾನ್ಸ್‌ಫಾರ್ಮರ್ ಬರ್ಲಿಕ್ಕೆ ನಾಲ್ಕು ದಿನ ಉಂಟಂತೆ. ನಾಳೆ ಯಮುನಮ್ಮನವರ ಮನೆಯದ್ದು ಹನ್ನೊಂದು ಕಾಯಿ. ಮಂಗಳವಾರ ಮೇಲಿನ ಮನೆಯವರದ್ದು. ಬುಧವಾರ ಅಮ್ಮ ಬೇಗಾರಿಂದ ಇನ್ನಷ್ಟು ಕಳಿಸ್ತಾಳೆ. ಕಾರು ಅಂಗಳ ಬಿಟ್ಟು ಅಲ್ಲಾಡ್ಲಿಕ್ಕಿಲ್ಲ."

"ಹಾಗಾದ್ರೆ ನಾನು ಕ್ಲಿನಿಕ್ಕಿಗೆ ಎಂತದ್ರಲ್ಲಿ ಹೋಗೋದು?"

ಅವಳು ಒಳಗೆ ಹೋಗಿ ತನ್ನ ಹಳೇ ಸ್ಕೂಟರಿನ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟಳು.

"ಇದ್ರಲ್ಲಿ ಹೋಗಿ. ಲೀಟರಿಗೆ ಐವತ್ತು ಕೊಡ್ತದೆ."