ಅತ್ತೆಯ ರಕ್ತಕ್ಕೊಂದು ಜೊತೆ

ನಮ್ಮ ಸೋದರತ್ತೆ ಒಂದೇ ಹೊತ್ತಿಗೆ ಎರಡು ಕಡೆ ಇರಬಲ್ಲಳು. ನಗಬೇಡಿ! ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಹಿರಿಯೂರಿನ ಮಂಡಿಗಳಲ್ಲಿ ತೆಂಗಿನಕಾಯಿ ಸುಲಿದು ಸಂಸಾರ ನಿಲ್ಲಿಸಿದವನು ನಾನು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುತ್ತೇನೆ. ಕಂಡದ್ದನ್ನೇ ಹೇಳುತ್ತಿದ್ದೇನೆ.

ಮಾರಿಕಣಿವೆ ಕಡೆ ಕುರಿ ಕಾಯುತ್ತಲೇ ಮುದುಕಿಯಾದ ಅತ್ತೆಗೆ ಈ ವರ್ಷ ಕಾಲು ಬಾತವು, ನಾಲ್ಕು ಹೆಜ್ಜೆಗೆ ಉಬ್ಬಸ ಬರತೊಡಗಿತು. ಹೃದಯ ಸೋತಿದೆ ಎಂದರು ಡಾಕ್ಟರು. ಸೋತ ಹೃದಯದವರ ರಕ್ತದಲ್ಲಿ ಉರಿಯೂತದ ಗುರುತು ಏರಿದರೆ ಅಪಾಯವೂ ಏರುತ್ತದಂತೆ. ಅದಕ್ಕೇ ಸಿಆರ್‌ಪಿ ಎಂಬ ಪರೀಕ್ಷೆ ಬರೆದುಕೊಟ್ಟರು.

ಲ್ಯಾಬಿನ ಮೇಡಂ ರಕ್ತ ತೆಗೆದುಕೊಂಡು ಒಳಗೆ ಹೋದರು. ನಾವು ಹೊರಗೆ ಬೆಂಚಿನ ಮೇಲೆ ಕಾದೆವು. ಸ್ವಲ್ಪ ಹೊತ್ತಿಗೆ ಅತ್ತೆ ಬೆಂಚನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು.

“ನನ್ನ ತಿರುಗಿಸ್ತಾ ಅವ್ರೆ ಕಣಲೇ.”

ತಿಂಡಿ ತಿಂದಿಲ್ಲ, ತಲೆ ಸುತ್ತಿರಬೇಕು ಅಂದುಕೊಂಡೆ. ಆಗ ಕೇಳಿತು ನೋಡಿ, ಗೋಡೆಯಾಚೆ ಗುಂಯ್ ಎನ್ನುವ ಸದ್ದು. ಸದ್ದು ನಿಂತಿತು; ಅತ್ತೆ ಕಣ್ಣು ಬಿಟ್ಟಳು. ವಿಚಾರಿಸಿದರೆ, ರಕ್ತದ ಕೊಳವೆಯನ್ನು ಮಿಷನ್ನಿಗಿಟ್ಟು ತಿರುಗಿಸುವುದು ಅವರ ಪದ್ಧತಿಯಂತೆ! ಅತ್ತೆಗೆ ಇದನ್ನು ಯಾರು ಹೇಳಿದರು?

ಊರಿಗೆ ಬಂದ ಮೇಲೆ ಸುಡುವ ಬಿಸಿಲಿನಲ್ಲೂ ಕಂಬಳಿ ಹೊದ್ದು ನಡುಗುತ್ತಾ ಕುಳಿತಳು. ಮೈ ಮುಟ್ಟಿದರೆ ಹೊಳೆಯ ಕಲ್ಲಿನ ಹಾಗೆ ತಣ್ಣಗೆ. ರಿಪೋರ್ಟ್ ತರಲು ಹೋದವನು, ಉಳಿದ ರಕ್ತ ಎಲ್ಲಿದೆ ಎಂದು ಹೆದರುತ್ತಲೇ ಕೇಳಿದೆ. ಫ್ರಿಜ್ಜಿನಲ್ಲಿದೆ ಎಂದರು. ಡಾಕ್ಟರು ರಿಪೋರ್ಟ್ ನೋಡಿ ಒಳಗೆ ಉರಿ ಜಾಸ್ತಿ ಅಂತಾರೆ, ಅತ್ತೆ ಚಳಿ ಅಂತಾಳೆ. ನಾನು ಯಾರ ಕಡೆ ನಿಲ್ಲಲಿ?

ಗುಳಿಗೆ ಬದಲಾಯಿಸಿದರು. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಆಗಲೇಬೇಕು. ಗುರುತು ಇಳಿದಿರದಿದ್ದರೆ ಕೂಡಲೇ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ತಡವಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದರು. ಅತ್ತೆಯೋ, ಮತ್ತೆ ಲ್ಯಾಬಿಗೆ ಕರೆದೊಯ್ದಾಗ ಸೂಜಿ ಕಂಡದ್ದೇ ತೋಳನ್ನು ಸೆರಗಿನೊಳಗೆ ಸೇರಿಸಿಬಿಟ್ಟಳು. ಗದರಿದೆ, ಗೋಗರೆದೆ. ಊಹೂಂ.

“ನೋವಿಗಲ್ಲ ಕಣಪ್ಪ,” ಅಂದಳು. “ಅಲ್ಲಿ ಬರೀ ಕತ್ಲು. ಯಾರೂ ಮಾತಾಡ್ಸಲ್ಲ. ಕುಂಟೋ ಕುರೀನ ಹಟ್ಟೀಲಿ ಒಂಟಿ ಬಿಡ್ತಾರೇನ್ಲೇ?”

ಬಿಡುವುದಿಲ್ಲ. ಜೊತೆಗೊಂದು ಗಟ್ಟಿಮುಟ್ಟಾದ ಕುರಿಯನ್ನೂ ಉಳಿಸುತ್ತೇವೆ. ಇಲ್ಲದಿದ್ದರೆ ಅದು ಮೇವು ಮುಟ್ಟುವುದಿಲ್ಲ.

ನಾನು ಅಂಗಿಯ ತೋಳು ಮಡಚಿದೆ. “ನಂದೂ ತಗೀರಿ ಮೇಡಂ.”

“ನಿಮಗೇನಾಗೈತ್ರಿ?”

“ಏನೂ ಆಗಿಲ್ಲ. ಅದಕ್ಕೇ.”

ನನ್ನ ರಕ್ತ ಕೊಳವೆ ತುಂಬುವುದನ್ನು ನೋಡುತ್ತಿದ್ದ ಅತ್ತೆ ತಾನಾಗಿಯೇ ತೋಳು ಚಾಚಿದಳು. ಮೇಡಂ ಎರಡನ್ನೂ ಒತ್ತೊತ್ತಾಗಿ ಇಟ್ಟುಕೊಂಡು ಒಳಗೆ ಹೋದರು.

ಗೋಡೆಯಾಚೆ ಸದ್ದು ಶುರುವಾಯಿತು. ಇಷ್ಟು ವರ್ಷ ಬಿಸಿಲಲ್ಲಿ ನಿಂತು ಕಾಯಿ ಸುಲಿದರೂ ಒಮ್ಮೆಯೂ ತಲೆ ಸುತ್ತದ ನನಗೆ ಎದುರಿನ ರಸ್ತೆ, ಬಸ್ಸು, ಜನ ಎಲ್ಲ ಗಿರ್ರನೆ ತಿರುಗಿದವು. ಅತ್ತೆ ನನ್ನ ಬೆವೆತ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

“ಕಣ್ಣು ಮುಚ್ಕಾ ಮಗಾ. ಪಕ್ಕದಾಗೇ ನಾನಿದೀನಿ.”