ಜಮಖಂಡಿಯ ಚೀನಾ

ದೇಶದೇಶಗಳ ಗಡಿಯ ವಿಚಾರವನ್ನು ಹಗುರವಾಗಿ ಎತ್ತಬಾರದು. ಆದರೂ ಹೇಳದೆ ವಿಧಿಯಿಲ್ಲ: ಆ ಭಾನುವಾರ ಬೆಳಿಗ್ಗೆ ಚೀನಾ ದೇಶವು ಜಮಖಂಡಿಯ ಒಳಗಿತ್ತು. ಭೀಮಪ್ಪನ ಚಹಾದಂಗಡಿಯ ಬೆಂಚಿನ ತುದಿಯಲ್ಲಿ ಕೂತು ಚಹಾಕ್ಕಾಗಿ ಕಾಯುತ್ತಿತ್ತು. ಬಹಳ ಹೊತ್ತಿನಿಂದ ಕಾಯುತ್ತಿತ್ತು.

"ಭೀಮಪ್ಪಣ್ಣಾ, ಒಂದ ಚಾ ಹೇಳಿದ್ನೆಲ್ಲಾ?"

"ಹಾಲ ತೀರ್ಯಾವ," ಎಂದ ಭೀಮಪ್ಪ, ಉಕ್ಕುತ್ತಿದ್ದ ಹಾಲನ್ನು ಸೌಟಿನಿಂದ ಸಮಾಧಾನಪಡಿಸುತ್ತ. "ಚಾ ನಿಮ್ಮ ಚೀನಾದಾಗ ಭಾಳ ಬೆಳಿತೈತಂತಲ್ಲ. ಅಲ್ಲೇ ಹೋಗಿ ಕುಡಿ."

ಚೀನಾ ಎಂದರೆ ದುಂಡೇಶ. ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಬಾಂಡು, ಅರ್ಜಿ ಬರೆಯುವ ಎಡಚ. ವಿಜಯಪುರದಾಚೆ ಲೋಕವಿದೆಯೆಂದು ಕೇಳಿ ಬಲ್ಲವನೇ ಹೊರತು ಕಂಡವನಲ್ಲ. ಕಾಲೇಜಿನಲ್ಲಿದ್ದಾಗ ಓದುವುದೊಂದನ್ನು ಬಿಟ್ಟು ಬರೀ ಟೇಬಲ್ ಟೆನಿಸ್ ಆಡಿದ್ದ. ಹೋದ ತಿಂಗಳು ಕ್ಲಬ್ಬಿಗೆ ಯಾವುದೋ ಕರಾರುಪತ್ರ ಕೊಡಲು ಹೋದವನು, ಅಲ್ಲಿ ಆಟ ಕಲಿಸುವ ಪರಮಾನಂದ ಮಾಸ್ತರರ ಒತ್ತಾಯಕ್ಕೆ ಮತ್ತೆ ಬ್ಯಾಟು ಹಿಡಿದ. ಹಿಡಿದದ್ದು ಪೆನ್ನು ಹಿಡಿದ ಹಾಗೆ. ಸಹಿ ಗೀಚುವಂತೆ ಚೆಂಡನ್ನು ಗೀಚಿದ. ಚೆಂಡು ಟೇಬಲ್ಲಿಗೆ ಬಿದ್ದು, ಪಾಟೀಸವಾಲು ಎದುರಿಸುವ ಸಾಕ್ಷಿದಾರನ ಹಾಗೆ ಎತ್ತಲೋ ಹೊರಳಿತು. ರಾಜ್ಯಕ್ಕೇ ಮೊದಲಿಗಳಾಗಿದ್ದ ಹದಿನಾರರ ಪೂನಮ್ ಅದನ್ನು ಮುಟ್ಟಲೂ ಆಗದೆ ನಿಂತಳು.

"ಚೀನಾ!" ಎಂದು ಮಾಸ್ತರರು ಕೂಗಿದರು.

ಕೂಗಿದ್ದಕ್ಕೆ ಕಾರಣವಿತ್ತು. ಏಷ್ಯಾದ ಕಿರಿಯರ ಪಂದ್ಯಾವಳಿಗೆ ಹೊರಟಿದ್ದ ಪೂನಮ್‌ಗೆ ಮೊದಲ ಸುತ್ತಿನಲ್ಲೇ ಚೀನಾದ ಹುಡುಗಿ ಗಂಟುಬಿದ್ದಿದ್ದಳು. ಅವಳೂ ಎಡಚಿ, ಅವಳದೂ ಪೆನ್ನಿನ ಹಿಡಿತ. ಅಂದಿನಿಂದ ದುಂಡೇಶ ದಿನಾ ಸಂಜೆ ಚೀನಾ ಆಗಿ ಪೂನಮ್‌ಳನ್ನು ಸೋಲಿಸತೊಡಗಿದ. ತಯಾರಿ ಎಂದರೆ ಹೀಗೇ ಎಂದು ಮಾಸ್ತರರು ಹೇಳಿದರೂ ಊರಿಗೆ ಅದು ಸರಿಬರಲಿಲ್ಲ.

ಆ ಭಾನುವಾರ ಸಂಜೆ ಬೀಳ್ಕೊಡುಗೆಯ ಆಟವಿತ್ತು, ಊರೆಲ್ಲ ಸೇರುವುದಿತ್ತು. ಚೀನಾಕ್ಕೆ ಎದುರಾಗಿ ಹೊರಟ ಹುಡುಗಿ ಊರ ಮುಂದೆಯೇ ಚೀನಾಕ್ಕೆ ಸೋಲುವುದು ಅಪಶಕುನ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಚಹಾ ಸಿಗದೆ ಮನೆಗೆ ಬಂದರೆ ಪಕ್ಕದ ಮನೆಯ ಶಂಕ್ರೆವ್ವ ಕಟ್ಟೆಯ ಮೇಲೆ ಕಾದಿದ್ದಳು.

"ಏ ದುಂಡ್ಯಾ, ಆ ಕೂಸಿನ್ನ ಸೋಲಿಸಿ ನಿಂಗೇನ ಸಿಗತೈತೋ? ಇವತ್ತರ ಸುಮ್ಮ ಸೋತ ಬಾ. ಸೋಲೂದೇನ ನಿನಗ ಹೊಸಾದೇನು?"

"ದೊಡ್ಡವ್ವಾ, ಅದು ಪ್ರ್ಯಾಕ್ಟೀಸು..."

"ಪ್ರ್ಯಾಕ್ಟೀಸ್ ಅಂತ ಹೇಳಿ ಊರ ಮಾನಾ ಕಳೀತಾರೇನು?"

ಒಳಗೆ ಹೆಂಡತಿ ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಜೋರಿನಲ್ಲೇ ದುಂಡೇಶನಿಗೆ ದೇಶದ ಭಾವನೆ ತಿಳಿಯಿತು.

"ಕಿರಾಣಿ ಅಂಗಡಿಗೆ ಹೋದ್ರ 'ಚೀನಾದಾಕಿ ಬಂದ್ಲು' ಅಂತಾರ್ರಿ. ನಾ ಮುಧೋಳದಾಕಿ! ಇವತ್ತ ಸೋತ್ರ ಮನಿಗೆ ಬರ್ರಿ. ಗೆದ್ರ ನಿಮ್ಮ ದೇಶಕ್ಕ ಹೋಗ್ರಿ."

ಮಧ್ಯಾಹ್ನ ಪರಮಾನಂದ ಮಾಸ್ತರರೇ ಬಂದರು. ಖರೆ ಚೀನಾದಂತೆ ಕಾಣಲಿ ಎಂದು ಒಂದು ಕೆಂಪಂಗಿ ಕೊಟ್ಟರು. ಆಮೇಲೆ ಅತ್ತಿತ್ತ ನೋಡಿ, "ದುಂಡೇಶ, ದೊಡ್ಡ ದೊಡ್ಡ ಮಂದಿ ಬರಾಕತ್ತಾರ. ಜರಾ ಸೋಲು. ಆದ್ರ ಗೊತ್ತಾಗಧಂಗ ಸೋಲು," ಎಂದು ಪಿಸುಗುಟ್ಟಿ ಹೋದರು.

ಅವರ ಬೆನ್ನಿಗೇ ಪೂನಮ್ ಸೈಕಲ್ಲಿನಿಂದ ಇಳಿದಳು.

"ದುಂಡೇಶ ಮಾಮಾ, ಎಲ್ಲಾರೂ ನಿಮ್ಮ ಕಿವಿ ಊದ್ಯಾರ, ನಂಗ ಗೊತ್ತೈತಿ. ನೀವು ಸೋತು ಕೊಟ್ರ ಈ ಬ್ಯಾಟ್ ಒಯ್ದು ನಮ್ಮವ್ವನ ಒಲಿಗೆ ಹಾಕ್ತೀನಿ. ಅಲ್ಲಿ ಚೀನಾದಾಕಿ ಸೋತು ಕೊಡ್ತಾಳೇನು?"

"ಅಲ್ಲಬೇ ತಂಗಿ, ಅಲ್ಲಿ ಓಣಿಗೆ ನೂರ ಟೇಬಲ್ ಅದಾವಂತ. ಹಾಲ ಬಿಡೂ ಮೊದಲ ಕೂಸಗೋಳು ಬ್ಯಾಟ್ ಹಿಡಿತಾವಂತ. ನಮ್ಮ ಕ್ಲಬ್ಬಿನ್ಯಾಗ ಇರೂದು ಒಂದ ಟೇಬಲ್. ಅದರ ಕಾಲಿಗೂ ಇಟ್ಟಿಗಿ ಕೊಟ್ಟೈತಿ."

"ಸಾವಿರ ಟೇಬಲ್ ಇರಲಿ ಮಾಮಾ. ನನ್ನ ಕೂಡ ಆಡೂದು ಒಂದರ ಮ್ಯಾಲ. ಹನ್ನೊಂದು ಪಾಯಿಂಟ್ ಆಕಿಗೂ ಬೇಕು, ನಂಗೂ ಬೇಕು. ನೀವು ಖರೆ ಆಡ್ರಿ."

ಬಾಂಡಿನಲ್ಲಿ ಬರೆಯಬಹುದಾದಂಥ ಖಚಿತ ಮಾತು. ದುಂಡೇಶನಿಗೆ ತಿದ್ದಲು ಏನೂ ಸಿಗಲಿಲ್ಲ.

ಸಂಜೆ ಕ್ಲಬ್ಬಿನ ಕಿಟಕಿಗಳಲ್ಲೂ ಜನ ತುಂಬಿದ್ದರು. ಕೆಂಪಂಗಿ ಕಂಡದ್ದೇ ತಡ, ಸಿಳ್ಳೆ ಬಿದ್ದವು. ಶಂಕ್ರೆವ್ವ ಮುಂದೆ ಬಂದು, ಒಂದು ನಿಂಬೆಹಣ್ಣನ್ನು ಪೂನಮ್‌ಳ ಮುಖಕ್ಕೆ ನಿವಾಳಿಸಿ ದುಂಡೇಶನ ಕಡೆಯ ಟೇಬಲ್ಲಿನ ಮೇಲಿಟ್ಟು ಹೋದಳು. ಮಾಸ್ತರರು ಅದನ್ನು ಕಿಸೆಗೆ ಹಾಕಿಕೊಂಡು ಆಟ ಶುರು ಮಾಡಿಸಿದರು.

ದುಂಡೇಶನ ಕಣ್ಣ ಮುಂದೆ ದಾನೇಶ್ವರಿ ಬಡಿಯುತ್ತಿದ್ದ ರೊಟ್ಟಿ ಬಂತು. ಮೊದಲ ಮೂರು ಚೆಂಡನ್ನು ನೆಟ್ಟಿಗೆ ಹೊಡೆದ. ಚಪ್ಪಾಳೆ. ಪೂನಮ್ ಚೆಂಡನ್ನು ಕೈಯಲ್ಲೇ ಹಿಡಿದು ನಿಂತು, ಅವನಿಗಷ್ಟೇ ಕೇಳುವಂತೆ ಹೇಳಿದಳು: "ಮಾಮಾ, ನಮ್ಮನ್ಯಾಗ ಒಲಿ ಹಚ್ಚೇತಿ."

ದುಂಡೇಶನೊಳಗೆ ಏನೋ ನೆಟ್ಟಗಾಯಿತು. ಒಂದು ತಿಂಗಳು ಚಹಾ ಇಲ್ಲ, ಮರ್ಯಾದೆ ಇಲ್ಲ. ಆಗಲಿ, ಚೀನಾ ಅಂದರೆ ಚೀನಾನೇ! ಕಂಡರಿಯದ ಒಂದು ದೇಶದ ಮಾನ ತನ್ನ ಎಡಗೈಯಲ್ಲಿದೆ ಎಂಬಂತೆ ಆಡತೊಡಗಿದ. ಮೊದಲ ಗೇಮು ಗೆದ್ದುಬಿಟ್ಟ. ಶೇಂಗಾ ಸಿಪ್ಪೆ ತೂರಿ ಬಂದವು. "ಮನಿಗೆ ಬರ್ರಿ, ಐತಿ ನಿಮಗ!" ಎಂಬ ಪರಿಚಿತ ಧ್ವನಿಯೂ ಬಂತು. ಅವನು ತಿರುಗಿ ನೋಡಲಿಲ್ಲ.

ಎರಡನೆಯ ಗೇಮಿನಲ್ಲಿ ಪೂನಮ್ ಚೆಂಡು ನೋಡುವುದನ್ನು ಬಿಟ್ಟು ಅವನ ಮಣಿಕಟ್ಟು ನೋಡತೊಡಗಿದಳು. ಚೆಂಡಿನ ತಳ ಗೀಚುವ ಮುನ್ನ ದುಂಡೇಶ ಬ್ಯಾಟನ್ನು ಒಮ್ಮೆ ಝಾಡಿಸುತ್ತಿದ್ದ, ಶಾಯಿ ನಿಂತ ಪೆನ್ನನ್ನು ಝಾಡಿಸುವಂತೆ. ತಿಂಗಳಿಡೀ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಚೆಂಡಿಗಿಂತ ಮೊದಲೇ ಪೂನಮ್ ಅಲ್ಲಿರುತ್ತಿದ್ದಳು. ಎರಡನೆಯದು ಅವಳಿಗೆ. ಮೂರನೆಯದರ ಕೊನೆಗೆ ದುಂಡೇಶ ತನ್ನ ಜನ್ಮದಲ್ಲೇ ಹೊಡೆಯದಂಥ ಚೆಂಡು ಹೊಡೆದ. ಅದು ಹೋದದ್ದಕ್ಕಿಂತ ಜೋರಾಗಿ ವಾಪಸು ಬಂದು ಅವನ ಕಂಕುಳಡಿ ಹಾದುಹೋಯಿತು.

ಕ್ಲಬ್ಬು ಹಾರಿಹೋಗುವಂತೆ ಕೇಕೆ ಎದ್ದಿತು. ಪೂನಮ್ ಕೊರಳಿಗೆ ಹಾರ ಬಿತ್ತು. ಭೀಮಪ್ಪ ಕಿಟ್ಲಿ ಹಿಡಿದು ಸ್ವತಃ ಬಂದ.

"ಕುಡಿಯೋ ತಮ್ಮಾ. ಈಗ ನಮ್ಮಾಂವ ಆದಿ."

ಶುಂಠಿ ಹಾಕಿದ ಚಹಾ. ದುಂಡೇಶ ಕಣ್ಣು ಮುಚ್ಚಿ ಒಂದು ಗುಟುಕು ಎಳೆದ.

"ನನ್ನ ಮಾತ ಕೇಳಿ ಸೋತಿ ನೋಡ, ಶಾಣ್ಯಾ," ಎಂದು ಶಂಕ್ರೆವ್ವ ಬೆನ್ನು ತಟ್ಟಿದಳು.

"ನಿನ್ನ ಮಾತಿಗಲ್ಲಬೇ, ನಾ ಚಾ ಬಂದ್ ಮಾಡಿದ್ದಕ್ಕ ಸೋತಾನ," ಎಂದ ಭೀಮಪ್ಪ.

ದಾನೇಶ್ವರಿ ದೂರದಿಂದ ನಕ್ಕಳು. ಮಾಸ್ತರರು ಕಣ್ಣು ಹೊಡೆದರು: "ಏನ್ ಸೋತಿಯೋ ಮಾರಾಯಾ! ಖರೇನ ಆಡಿಧಂಗ ಇತ್ತು."

ಸುದ್ದಿ ಕ್ಲಬ್ಬಿನ ತುಂಬ ಹರಿಯಿತು: ದುಂಡೇಶ ಬೇಕಂತಲೇ ಸೋತು ಕೊಟ್ಟ. ಹರಿಯುತ್ತ ಹರಿಯುತ್ತ ಹಾರದೊಳಗಿದ್ದ ಪೂನಮ್‌ಳನ್ನೂ ಮುಟ್ಟಿತು. ಅವಳ ನಗು ನಿಂತಿತು. ಬ್ಯಾಟನ್ನು ಬಿಗಿಯಾಗಿ ಹಿಡಿದು ದುಂಡೇಶನನ್ನೇ ನೋಡಿದಳು.

ದುಂಡೇಶ ಚಹಾ ನೋಡಿದ. ಹೆಂಡತಿಯ ನಗು ನೋಡಿದ. ಮತ್ತೆ ಆ ಬ್ಯಾಟು ನೋಡಿದ. ಕಪ್ಪು ಹಿಡಿದೇ ಬೆಂಚಿನ ಮೇಲೆ ಹತ್ತಿ ನಿಂತ.

"ಏ, ಕೇಳ್ರಿಪಾ ಎಲ್ಲಾರೂ! ನಾ ಸೋತು ಕೊಟ್ಟಿಲ್ಲ. ಮೊದಲಿನ ಮೂರ ಚೆಂಡ ಬಿಟ್ರ, ಈ ಹುಡುಗೀನ ಸೋಲಸಬೇಕಂತನ ಜೀವಾ ತೇದು ಆಡೀನಿ. ನನ್ನ ಕೈಲಿ ಆಗಲಿಲ್ಲ. ಆಕಿ ಗೆದ್ದಾಳ, ಖರೇನ ಗೆದ್ದಾಳ!"

ಪೂನಮ್ ಒಬ್ಬಳೇ ನಕ್ಕಳು.

"ಹೊರಡಾಕ ಇನ್ನೂ ನಾಕ ದಿನ ಐತಿ. ನಾಳೆ ಸಂಜಿಗೆ ಬರ್ರಿ ಮಾಮಾ. ಆ ಕೈ ಝಾಡಿಸೂದ ಬಿಟ್ಟು ಬರ್ರಿ. ಆ ಚೀನಾದಾಕಿ ಝಾಡಸೂದಿಲ್ಲ."

"ಅಂದ್ರ ಖರೇನ ಕೂಸಿನ್ನ ಸೋಲಸಾಕ ನಿಂತಿದ್ದೇನೋ, ಮೂಳಾ?" ಎಂದಳು ಶಂಕ್ರೆವ್ವ. ದಾನೇಶ್ವರಿ ಆಗಲೇ ಮನೆಯ ಹಾದಿ ಹಿಡಿದಿದ್ದಳು.

ಭೀಮಪ್ಪ ಮುಂದೆ ಬಂದು ದುಂಡೇಶನ ಕೈಯಿಂದ ಕಪ್ಪು ಇಸಿದುಕೊಂಡ. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.