ಟಿಕೆಟ್ಟಿಗೊಂದು ಚೌಕಟ್ಟು

ಟಿಕೆಟ್ ಕೈಗೆ ಬರುವ ಮೊದಲೇ ಅದಕ್ಕೊಂದು ಚೌಕಟ್ಟು ಮಾಡಿ ಗೋಡೆಗೆ ನೇತುಹಾಕಿದ್ದರಿಂದ ಎಲ್ಲವೂ ಶುರುವಾಯಿತು.

ಮಾಡಿದವನು ಫ್ರೇಮಣ್ಣ. ಫೋಟೋ, ಪದವಿ ಪತ್ರ, ಸನ್ಮಾನ ಪತ್ರಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅವನದು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಒಂದು ಮೂಲೆ ಬಿರುಕು ಬಿಟ್ಟಿದ್ದಿಲ್ಲ, ಒಂದು ಗಾಜು ಅಲುಗಾಡಿದ್ದಿಲ್ಲ. ಆದರೆ ಚೌಕಟ್ಟಿನೊಳಗೆ ಏನಿದೆ ಎಂದು ನೋಡುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ. ಒಮ್ಮೆ ಯಾರದೋ ಮದುವೆ ಫೋಟೋವನ್ನು ತಲೆಕೆಳಗಾಗಿ ಕೂರಿಸಿ, "ಮೂಲೆ ನೋಡಿ ಸಾರ್, ಒಂದು ಕೂದಲು ತೂರಲ್ಲ" ಎಂದು ಎದೆಯುಬ್ಬಿಸಿ ಕೊಟ್ಟಿದ್ದ.

ಅಂಗಡಿ ಬಿಟ್ಟರೆ ಅವನಿಗಿದ್ದ ಹುಚ್ಚು ಪೋಕರ್ ಎಂಬ ಇಸ್ಪೀಟಾಟ. ಬಸ್ ನಿಲ್ದಾಣದ ಹಿಂದಿನ ಕ್ಲಬ್ಬಿನ ಮಹಡಿಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆಯಿಂದ ಸಂಜೆಯೊಳಗೆ ನಾಲ್ಕು ಸಣ್ಣ ಪಂದ್ಯಗಳು ನಡೆಯುತ್ತಿದ್ದವು. ಅವಕ್ಕೆ ಸ್ಯಾಟಲೈಟ್ ಎಂದು ಹೆಸರು. ಗೆದ್ದರೆ ದುಡ್ಡು ಸಿಗುವುದಿಲ್ಲ, ಭಾನುವಾರದ ದೊಡ್ಡ ಪಂದ್ಯಕ್ಕೆ ಟಿಕೆಟ್ ಸಿಗುತ್ತದೆ. ಎಲ್ಲರೂ ಸೋತು ಹೋದ ಮೇಲೆ ಕೊನೆಗೆ ಉಳಿದ ಇಬ್ಬರಿಗೆ ಒಂದೊಂದು ಟಿಕೆಟ್ ಎನ್ನುವುದು ಫ್ರೇಮಣ್ಣನಿಗೆ ಬಾಯಿಪಾಠ. ಎಂಟು ತಿಂಗಳಿಂದ ಹೋಗುತ್ತಿದ್ದ. ಎಂಟು ತಿಂಗಳಿಂದ ಮೂರನೆಯವನೋ ನಾಲ್ಕನೆಯವನೋ ಆಗಿ ಮೆಟ್ಟಿಲಿಳಿಯುತ್ತಿದ್ದ. ಹೋದ ವಾರ ಇನ್ನೊಬ್ಬರ ಟಿಕೆಟ್ಟಿನ ಮೇಲೆ ಅಳತೆ ಪಟ್ಟಿ ಇಟ್ಟು ನೋಡಿಕೊಂಡು ಬಂದು, ತೇಗದ ಪಟ್ಟಿ ಕೊಯ್ದು, ಚಿನ್ನದ ಬಣ್ಣದ ಅಂಚು ಕೊಟ್ಟು, ಊಟದ ಮೇಜಿನ ಎದುರಿನ ಗೋಡೆಗೆ ಖಾಲಿ ಚೌಕಟ್ಟನ್ನು ಹಾಕಿಯೇಬಿಟ್ಟ.

"ಇದೇನ್ರೀ ಖಾಲಿ ಕಟ್ಟು? ಬಂದೋರೆಲ್ಲ ಕೇಳ್ತಾರೆ" ಎಂದಳು ಹೆಂಡತಿ, ಈ ಶುಕ್ರವಾರ ಬೆಳಿಗ್ಗೆ.

"ಇವತ್ತು ಸಂಜೆ ಹೊತ್ತಿಗೆ ತುಂಬತ್ತೆ."

"ತುಂಬಲಿಲ್ಲ ಅಂದ್ರೆ?"

"ಆ ಮಾತೇ ಇಲ್ಲ."

"ಇದೆ. ತುಂಬಲಿಲ್ಲ ಅಂದ್ರೆ ಇವತ್ತಿಗೇ ಕ್ಲಬ್ಬಿನ ಋಣ ಮುಗೀತು. ಆ ಕಟ್ಟಿಗೆ ನಮ್ಮಣ್ಣನ ಫೋಟೋ ಹಾಕ್ತೀನಿ."

ಫ್ರೇಮಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಹೆಂಡತಿಯ ಅಣ್ಣ ಕೆಟ್ಟವನೇನಲ್ಲ. ಆದರೆ ಬಾಯಿ ತೆರೆದರೆ "ನಾನಾಗಿದ್ದಿದ್ರೆ" ಎಂದೇ ಶುರುಮಾಡುವವನು. ನಾನಾಗಿದ್ದಿದ್ರೆ ಈ ಬೀದೀಲಿ ಅಂಗಡಿ ಇಡ್ತಿರಲಿಲ್ಲ, ನಾನಾಗಿದ್ದಿದ್ರೆ ಈ ಚಪ್ಪಲಿ ತಗೋತಿರಲಿಲ್ಲ. ಅಂಥವನ ಮುಖ ನೋಡಿಕೊಂಡು ದಿನಾ ಎರಡು ಹೊತ್ತು ಊಟ ಮಾಡುವುದೆಂದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

"ಆಗಲಿ" ಎಂದ ಫ್ರೇಮಣ್ಣ. ಅವನ ಧೈರ್ಯಕ್ಕೆ ಕೊರತೆ ಇರಲಿಲ್ಲ.

ಕ್ಲಬ್ಬಿನ ಬಾಗಿಲಲ್ಲೇ ನಿಯಮಗಳ ದೊಡ್ಡ ಬೋರ್ಡಿತ್ತು. ಹೋದ ವರ್ಷ ಅದಕ್ಕೆ ಗಾಜು, ಕಟ್ಟು ಹಾಕಿದವನು ಫ್ರೇಮಣ್ಣನೇ. ಒಳಗೆ ಹೋಗುವಾಗಲೆಲ್ಲ ಕರವಸ್ತ್ರದಿಂದ ಅದರ ಗಾಜು ಒರೆಸಿ, ಸ್ವಲ್ಪ ವಾರೆಯಾಗಿದ್ದರೆ ನೆಟ್ಟಗೆ ಮಾಡಿ ಹೋಗುವುದು ಅವನ ಪದ್ಧತಿ. ಅವತ್ತೂ ಒರೆಸಿದ.

ಮೊದಲ ಪಂದ್ಯಕ್ಕೆ ಹದಿನಾಲ್ಕು ಜನ. ಹನ್ನೊಂದೂವರೆಗೆ ಮೂವರು ಉಳಿದರು. ಫ್ರೇಮಣ್ಣನ ಮುಂದೆ, ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆಗಳ ಮೂರು ಗೋಪುರ. ಎದುರಿಗೆ ಹಲ್ಲಿನ ಡಾಕ್ಟರಮ್ಮ, ಅವರ ಮುಂದೆ ಐದು ಗೋಪುರ. ಪಕ್ಕದಲ್ಲಿ ನಿವೃತ್ತ ಪೋಸ್ಟ್ ಮಾಸ್ಟರು, ಅವರ ಬಳಿ ಎರಡೇ ಎರಡು ಬಿಲ್ಲೆ. ಆಡದಿದ್ದರೂ ಸುತ್ತಿಗಿಷ್ಟು ಬಿಲ್ಲೆ ಕಟ್ಟಲೇಬೇಕು, ಹಾಗಾಗಿ ಇನ್ನೊಂದು ಸುತ್ತು ಬಂದರೆ ಅವರ ಆಟ ಮುಗಿಯುತ್ತಿತ್ತು.

ಆಗ ಹಂಚಿದ ಎರಡೆರಡು ಎಲೆಗಳಲ್ಲಿ ಫ್ರೇಮಣ್ಣನಿಗೆ ಎರಡೂ ಎಕ್ಕವೇ ಬಂದವು. ಅದಕ್ಕಿಂತ ದೊಡ್ಡ ಜೋಡಿ ಆಟದಲ್ಲೇ ಇಲ್ಲ. ಡಾಕ್ಟರಮ್ಮ ರೋಗಿಗೆ ಬಾಯಿ ತೆರೆಯಲು ಹೇಳುವಷ್ಟೇ ಸಮಾಧಾನದಿಂದ ಎಲ್ಲ ಬಿಲ್ಲೆಯನ್ನೂ ಮುಂದಕ್ಕೆ ತಳ್ಳಿದರು.

"ನಾನೂ ಬಂದೆ!" ಎಂದು ಫ್ರೇಮಣ್ಣ ತನ್ನ ಮೂರೂ ಗೋಪುರ ತಳ್ಳಿದ.

ಡಾಕ್ಟರಮ್ಮನ ಬಳಿ ಎರಡು ಒಂಬತ್ತು. ಎಲ್ಲರಿಗೂ ಸೇರಿದ್ದೆಂದು ಮೇಜಿನ ಮೇಲೆ ತೆರೆದ ಐದು ಎಲೆಗಳಲ್ಲಿ ಕೊನೆಯದು ಮೂರನೆಯ ಒಂಬತ್ತು. ಫ್ರೇಮಣ್ಣನ ಗೋಪುರಗಳು ಮೇಜಿನ ಆಚೆ ಬದಿಗೆ ಹೋದವು. ಎರಡು ಬಿಲ್ಲೆಯ ಪೋಸ್ಟ್ ಮಾಸ್ಟರು ಟಿಕೆಟ್ ಗೆದ್ದರು.

ಹೊರಗಿನ ಬೆಂಚಿನ ಮೇಲೆ ಪೋಸ್ಟ್ ಮಾಸ್ಟರು ಅವನ ಭುಜ ತಟ್ಟಿದರು. "ಅಲ್ಲಪ್ಪಾ, ಇದ್ದದ್ದು ಎರಡು ಟಿಕೆಟ್. ನಾನು ಇವತ್ತೋ ನಾಳೆಯೋ ಅನ್ನೋ ಹಾಗಿದ್ದೆ. ನೀನು ಎಕ್ಕ ಎಸೆದು ಸುಮ್ನೆ ಕೂತಿದ್ರೆ ಸಾಕಾಗಿತ್ತು. ಇದರಲ್ಲಿ ಗೆಲ್ಲೋದು ಬೇಡ, ಉಳಿದ್ರೆ ಸಾಕು."

"ಎಕ್ಕ ಎಸೆಯೋದಾ?"

"ಎಸೆಯೋದೇ. ನನ್ನ ನೋಡು. ಅರ್ಧ ಗಂಟೆಯಿಂದ ಎಲೆ ತೆಗೆದೂ ನೋಡಿಲ್ಲ. ಕನ್ನಡಕ ಮನೇಲೇ ಮರೆತು ಬಂದಿದೀನಿ."

ಫ್ರೇಮಣ್ಣನಿಗೆ ಜ್ಞಾನೋದಯವಾಯಿತು. ಎಂಟು ತಿಂಗಳು ತಾನು ಸೋತದ್ದು ದಡ್ಡತನದಿಂದಲ್ಲ, ಅತಿ ಜಾಣತನದಿಂದ ಎಂದು ಅವನು ತೀರ್ಮಾನಿಸಿದ. ಸೋತವನಿಗೆ ಇದಕ್ಕಿಂತ ಹಿತವಾದ ತೀರ್ಮಾನ ಇನ್ನಾವುದಿದೆ?

ಎರಡನೆಯ ಪಂದ್ಯಕ್ಕೆ ಈ ಜ್ಞಾನವನ್ನು ಬಳಸಲು ಅವಕಾಶವೇ ಸಿಗಲಿಲ್ಲ. ಪಕ್ಕದ ಮನೆಯ ನಲ್ಲಿ ರಿಪೇರಿಯವನು ಕ್ಲಬ್ಬಿನ ಸಿಂಕ್ ಸರಿಮಾಡಲು ಬಂದವನು, ಪೈಪು ಹಿಡಿದುಕೊಂಡೇ ಫ್ರೇಮಣ್ಣನ ಕುರ್ಚಿಯ ಹಿಂದೆ ನಿಂತುಬಿಟ್ಟ. ಆಟ ಅವನಿಗೆ ಅಷ್ಟಿಷ್ಟು ಗೊತ್ತಿತ್ತು, ತೊಂದರೆ ಕೊಡಲು ಸಾಕಾಗುವಷ್ಟು. ಫ್ರೇಮಣ್ಣನಿಗೆ ಒಳ್ಳೆಯ ಎಲೆ ಬಂದರೆ ಹಿಂದಿನಿಂದ "ಅಬ್ಬಬ್ಬಾ!" ಎಂದು ಉದ್ಗಾರ. ಎಲ್ಲರೂ ಎಲೆ ಎಸೆದುಬಿಡುತ್ತಿದ್ದರು. ಕೆಟ್ಟ ಎಲೆ ಹಿಡಿದು ಫ್ರೇಮಣ್ಣ ಹುಸಿ ಧೈರ್ಯ ತೋರಿಸಿದರೆ ಹಿಂದಿನಿಂದ "ಚ್ಚು ಚ್ಚು ಚ್ಚು". ಎಲ್ಲರೂ ಮೇಲೆ ಬೀಳುತ್ತಿದ್ದರು.

"ನೀನು ಸಿಂಕ್ ನೋಡು ಮಾರಾಯ!"

"ನೀವು ಆಡಿ ಅಣ್ಣಾ, ನಾನು ಬಾಯೇ ಬಿಡಲ್ಲ" ಎಂದ ಆತ, ಅಷ್ಟರಲ್ಲೇ ಹೊಸ ಎಲೆ ನೋಡಿ, "ಅಯ್ಯೋ ಪಾಪ" ಎಂದ. ಆರನೆಯವನಾಗಿ ಫ್ರೇಮಣ್ಣ ಹೊರಬಿದ್ದ. ಸಿಂಕೂ ಸರಿಹೋಗಲಿಲ್ಲ.

ಮೂರನೆಯ ಪಂದ್ಯವನ್ನು ಮುಳುಗಿಸಿದ್ದು ಫೋನು. ದೊಡ್ಡ ಆಟದ ನಡುವೆ ಹೆಂಡತಿ ಕರೆ ಮಾಡಿ, "ಚೌಕಟ್ಟು ಏನಾಯ್ತು?" ಎಂದಳು. "ಹಾಕೋಣ, ಎಲ್ಲಾ ಹಾಕೋಣ" ಎಂದು ಇವನು ಫೋನಿನಲ್ಲಿ ಹೇಳಿದ್ದನ್ನು ಮ್ಯಾನೇಜರ್ ಆಟದ ಮಾತೆಂದೇ ಹಿಡಿದ. ಬಾಯಿಂದ ಬಂದ ಮೇಲೆ ಬಂತು, ಎಲ್ಲ ಬಿಲ್ಲೆಯೂ ಮುಂದಕ್ಕೆ ಹೋಗಬೇಕು ಎಂದ. ಫ್ರೇಮಣ್ಣನ ಕೈಯಲ್ಲಿ ಆಗ ಏನಕ್ಕೂ ಬಾರದ ಒಂದು ನಾಲ್ಕು, ಒಂದು ಏಳು ಇದ್ದವು.

"ಫೋನಲ್ಲಿ ಮಾತಾಡಬಾರದು ಅಂತ ನಿಯಮ ಇದೆ ಸಾರ್" ಎಂದ ಮ್ಯಾನೇಜರ್. "ಬೋರ್ಡ್ ಓದಿದೀರಲ್ಲ?"

"ಆ ಬೋರ್ಡನ್ನ ನನಗಿಂತ ಹತ್ತಿರದಿಂದ ನೋಡಿದೋರು ಈ ಕ್ಲಬ್ಬಲ್ಲೇ ಇಲ್ಲ" ಎಂದು ಫ್ರೇಮಣ್ಣ ಸಿಡಿದ. ಅದು ನಿಜವೇ ಆಗಿತ್ತು.

ನಾಲ್ಕು ಗಂಟೆಗೆ ಕೊನೆಯ ಪಂದ್ಯ. ಸೋತು ಸುಣ್ಣವಾದವರು ಮನೆಗೆ ಹೋಗಿದ್ದರು, ಮೇಜಿನ ಸುತ್ತ ಒಂಬತ್ತೇ ಜನ. ಡಾಕ್ಟರಮ್ಮ ಬೆಳಿಗ್ಗೆ ಗೆದ್ದ ಟಿಕೆಟ್ ತಮ್ಮ ಯಜಮಾನರಿಗೆ ಕೊಟ್ಟಿದ್ದರು, ಈಗ ತಮಗಾಗಿ ಆಡಲು ಕೂತರು. ಪೋಸ್ಟ್ ಮಾಸ್ಟರು ಮಗಳಿಗೊಂದು ಟಿಕೆಟ್ ಬೇಕೆಂದು ಮತ್ತೆ ಬಂದರು. ಫ್ರೇಮಣ್ಣ ಫೋನು ಆರಿಸಿದ, ನಲ್ಲಿ ರಿಪೇರಿಯವನನ್ನು ಬಾಗಿಲಾಚೆ ದಬ್ಬಿದ. ಬೋರ್ಡಿನ ಗಾಜಿಗೆ ತಗುಲಿದ್ದ ಅವನ ಕೈ ಗುರುತನ್ನೂ ಒರೆಸಿ ಬಂದು ಕೂತ.

ಕೂತವನು ಆಡಲೇ ಇಲ್ಲ. ರಾಜ-ರಾಣಿ ಬಂದರೆ ಎಸೆದ. ಹತ್ತರ ಜೋಡಿ ಬಂದರೆ ಎಸೆದ. ಎಸೆಯುವಾಗಲೆಲ್ಲ ಸುತ್ತಲಿದ್ದವರಿಗೆ ಪಾಠ ಬೇರೆ. "ಡಾಕ್ಟರಮ್ಮ, ಇದರಲ್ಲಿ ಗೆಲ್ಲೋದಲ್ಲ, ಉಳಿಯೋದು. ನನ್ನ ಮನೇಲಿ ಟಿಕೆಟ್ ಅಳತೆಗೆ ಸರಿಯಾಗಿ ಚೌಕಟ್ಟು ರೆಡಿ ಇದೆ. ತೇಗದ್ದು."

"ಹೌದಾ?" ಎಂದರು ಡಾಕ್ಟರಮ್ಮ, ಬಿಲ್ಲೆ ಎಣಿಸುತ್ತಾ.

ಒಬ್ಬೊಬ್ಬರೇ ಎದ್ದು ಹೋದರು. ಐದೂವರೆಗೆ ಮತ್ತೆ ಅದೇ ಮೂವರು. ಆಡದೇ ಆಡದೇ ಫ್ರೇಮಣ್ಣನ ಬಿಲ್ಲೆ ಒಂದು ಕುಳ್ಳ ಗೋಪುರಕ್ಕೆ ಇಳಿದಿತ್ತು. ಪೋಸ್ಟ್ ಮಾಸ್ಟರು ತಮ್ಮದೆಲ್ಲ ತಳ್ಳಿದರು. ಡಾಕ್ಟರಮ್ಮ ತಮ್ಮದೆಲ್ಲ ತಳ್ಳಿದರು. ಫ್ರೇಮಣ್ಣ ಎಲೆಯ ಮೂಲೆ ಎತ್ತಿ ನೋಡಿದ.

ಎರಡು ಎಕ್ಕ.

ಬೆಳಗಿನ ಫ್ರೇಮಣ್ಣನಾಗಿದ್ದರೆ ಹಾರಿ ಬೀಳುತ್ತಿದ್ದ. ಈ ಫ್ರೇಮಣ್ಣ ನಸುನಕ್ಕ. ಎಕ್ಕಗಳನ್ನು ಎಲ್ಲರಿಗೂ ಕಾಣುವಂತೆ ಮೇಲ್ಮುಖವಾಗಿ ಎಸೆದು, ಎದೆಯ ಮೇಲೆ ಕೈ ಕಟ್ಟಿ ಕೂತ. "ನೋಡ್ಕೊಳ್ಳಿ. ಇದಕ್ಕೆ ಅನ್ನೋದು ಸಂಯಮ."

ಪೋಸ್ಟ್ ಮಾಸ್ಟರು ಆ ಎಕ್ಕಗಳನ್ನೂ ಅವನ ಮುಖವನ್ನೂ ನೋಡಿದರು. ಐದು ಎಲೆ ತೆರೆದವು, ಅವುಗಳಲ್ಲಿ ಇನ್ನೊಂದು ಎಕ್ಕವೂ ಇತ್ತು. ಡಾಕ್ಟರಮ್ಮನ ಎಂಟರ ಜೋಡಿಯೇ ಗೆದ್ದಿತು. ಪೋಸ್ಟ್ ಮಾಸ್ಟರು ಹೊರಗೆ.

ಫ್ರೇಮಣ್ಣ ಕುರ್ಚಿಯಿಂದ ಎದ್ದ. ಇಬ್ಬರೇ ಉಳಿದಿದ್ದರು! ಫೋನು ಹಚ್ಚಿ ಹೆಂಡತಿಗೆ ಕರೆ ಮಾಡಿದ. "ಚೌಕಟ್ಟು ಒರೆಸಿಡು! ಬಂತು! ನಿಮ್ಮಣ್ಣನಿಗೂ ಹೇಳು, ಫೋಟೋ ತೆಗೆಸ್ಕೊಳ್ಳೋ ಕಷ್ಟ ತಪ್ಪಿತು ಅಂತ!" ಆಮೇಲೆ ಡಾಕ್ಟರಮ್ಮನ ಕೈ ಕುಲುಕಿದ, ಪೋಸ್ಟ್ ಮಾಸ್ಟರನ್ನು ತಬ್ಬಿಕೊಂಡ, ಬಾಗಿಲಲ್ಲಿ ಇಣುಕುತ್ತಿದ್ದ ನಲ್ಲಿ ರಿಪೇರಿಯವನನ್ನೂ ಕ್ಷಮಿಸಿದ.

"ಸಾರ್, ಕೂತ್ಕೊಳ್ಳಿ" ಎಂದ ಮ್ಯಾನೇಜರ್. "ಆಟ ಮುಗಿದಿಲ್ಲ."

"ಇಬ್ಬರೇ ಇದ್ದೀವಲ್ಲ?"

"ಟಿಕೆಟ್ ಒಂದೇ ಇದೆಯಲ್ಲ."

ಫ್ರೇಮಣ್ಣನಿಗೆ ನಗು ಬಂತು. ಮ್ಯಾನೇಜರ್ ನಗಲಿಲ್ಲ. ಅವನ ತೋಳು ಹಿಡಿದು ಬಾಗಿಲ ಬಳಿ ಕರೆದುಕೊಂಡು ಹೋಗಿ, ಥಳಥಳ ಹೊಳೆಯುತ್ತಿದ್ದ ಗಾಜಿನ ಮೇಲೆ ಬೆರಳಿಟ್ಟ. ಏಳನೆಯ ನಿಯಮ: ಆಟಗಾರರು ಹತ್ತಕ್ಕಿಂತ ಕಡಿಮೆ ಇದ್ದಲ್ಲಿ ಟಿಕೆಟ್ ಒಂದು ಮಾತ್ರ.

"ಇದು ಯಾವಾಗ ಬರೆದಿದ್ದು?" ಎಂದ ಫ್ರೇಮಣ್ಣ, ಕ್ಷೀಣವಾಗಿ.

"ನೀವು ಕಟ್ಟು ಹಾಕೋಕೆ ಮೊದಲೇ ಸಾರ್. ಅಕ್ಷರ ಸ್ಪಷ್ಟವಾಗಿ ಕಾಣೋ ಹಾಗೆ ಒಳ್ಳೆ ಗಾಜು ಹಾಕಿದೀರಿ."

ಉಳಿದಿದ್ದ ಕುಳ್ಳ ಗೋಪುರ ಮುಂದಿನ ಆಟಕ್ಕೇ ಹೋಯಿತು. ಬೆಳಿಗ್ಗೆ ಎಸೆಯಬೇಕಾದ ಎಕ್ಕವನ್ನು ಆಡಿದ್ದ, ಸಂಜೆ ಆಡಬೇಕಾದ ಎಕ್ಕವನ್ನು ಎಸೆದಿದ್ದ.

ಮೆಟ್ಟಿಲ ಬಳಿ ಡಾಕ್ಟರಮ್ಮ ಹಿಂದಿನಿಂದ ಕರೆದರು. "ಫ್ರೇಮಣ್ಣ, ಆ ಟಿಕೆಟ್ ಅಳತೆಯ ಚೌಕಟ್ಟು ಅಂದ್ರಲ್ಲ, ತೇಗದ್ದು. ನಿಮಗೆ ಈಗ ಬೇಕಾಗಲ್ವೇನೋ. ನನಗೆ ಕೊಡ್ತೀರಾ? ಭಾನುವಾರದವರೆಗೆ ಕ್ಲಿನಿಕ್ಕಲ್ಲಿ ಹಾಕ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಕುಸಿದು ಕೂರುತ್ತಿದ್ದರು. ಫ್ರೇಮಣ್ಣನ ಮುಖ ಮಾತ್ರ ಅರಳಿತು. ಚೌಕಟ್ಟೇ ಮನೆಯಲ್ಲಿ ಇಲ್ಲದಿದ್ದರೆ ಹೆಂಡತಿ ಅಣ್ಣನ ಫೋಟೋ ಯಾವುದಕ್ಕೆ ಹಾಕುತ್ತಾಳೆ? ಕ್ಲಬ್ಬು ಹೋದರೆ ಹೋಗಲಿ, ಊಟವಾದರೂ ಮೈಗೆ ಹತ್ತುತ್ತದೆ. "ಈಗಲೇ ತಂದುಕೊಡ್ತೀನಿ ಡಾಕ್ಟರಮ್ಮ!" ಎಂದು ಎರಡೆರಡು ಮೆಟ್ಟಿಲು ಇಳಿದ.

ಮನೆಯ ಬಾಗಿಲಲ್ಲಿ ಅಪರಿಚಿತ ಚಪ್ಪಲಿ. ಒಳಗೆ, ಊಟದ ಮೇಜಿನ ಆಚೆ, ಸರಿಯಾಗಿ ಖಾಲಿ ಚೌಕಟ್ಟಿನ ಕೆಳಗೆ ಹೆಂಡತಿಯ ಅಣ್ಣ ಕೂತಿದ್ದ. ಪಕ್ಕದಲ್ಲಿ ದೊಡ್ಡ ಸೂಟ್‌ಕೇಸು.

"ನೀವು ಗೆದ್ರಿ ಅಂತ ಹೇಳಿದ್ದೇ ತಡ, ಆಟೋ ಹಿಡಿದು ಬಂದೇಬಿಟ್ಟ ನೋಡಿ" ಎಂದಳು ಹೆಂಡತಿ ಸಡಗರದಿಂದ. "ನಿಮ್ಮ ಆಟ ನೋಡ್ಬೇಕಂತೆ. ತಿಂಗಳು ರಜಾ ಹಾಕಿದಾನೆ. ಎಲ್ರೀ ಟಿಕೆಟ್ಟು?"

ಫ್ರೇಮಣ್ಣ ಮೇಜಿನ ಮೇಲಿಂದ ಬಾಗಿ ಚೌಕಟ್ಟನ್ನು ಮೊಳೆಯಿಂದ ಬಿಡಿಸಿಕೊಂಡ. ಆಮೇಲೆ ಬೇರೆ ದಾರಿಯಿಲ್ಲದೆ ಒಂಬತ್ತು ಜನರ ವಿಷಯ, ಏಳನೆಯ ನಿಯಮದ ವಿಷಯ ಎಲ್ಲವನ್ನೂ ನಿಂತುಕೊಂಡೇ ಹೇಳಿದ.

ಹೆಂಡತಿಯ ಅಣ್ಣ ಕೊನೆಯವರೆಗೂ ತಾಳ್ಮೆಯಿಂದ ಕೇಳಿದ. ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ತಟ್ಟೆಯನ್ನು ತನ್ನ ಮುಂದೆ ಸರಿಸಿಕೊಂಡ.

"ನಾನಾಗಿದ್ದಿದ್ರೆ ಭಾವಾ," ಎಂದ, "ಮೊದಲು ಬೋರ್ಡ್ ಓದ್ತಿದ್ದೆ."